ಠಣ್ ಮೊದಲೋ, ಖಲಾಸ್ ಮೊದಲೋ

ಅಲ್ಲ, ಹಾಗಲ್ಲ, ಮೊದಲು ಕೇಳಿಸಿದ್ದು ಠಣ್. ಚೆಂಡು ಹಿಡಿದ ಕೈ ಕಬ್ಬಿಣದ ಕೊಳವೆಗೆ ಬಡಿದ ಸದ್ದು. ಅದರ ಬೆನ್ನಿಗೇ ಒಬ್ಬ ಗಂಡಸಿನ ದನಿಯಲ್ಲಿ, ಖಲಾಸ್. ಮೈಸೂರಿಗೆ ಹಿಂತಿರುಗಿದ ಮೊದಲ ವಾರ ಕೇಳಿದವರಿಗೆಲ್ಲ ನಾನು ಹೀಗೇ ಹೇಳುತ್ತಿದ್ದೆ, ಖಚಿತವಾಗಿ. ಎರಡನೇ ವಾರದ ಹೊತ್ತಿಗೆ ಖಲಾಸ್ ಮುಂದೆ ಬಂತು, ಠಣ್ ಹಿಂದೆ ಬಿತ್ತು. ಯಾರೂ ಅದನ್ನು ಮುಟ್ಟಿರಲಿಲ್ಲ. ನೆನಪು ತಾನೇ ರಾತ್ರಿ ಎದ್ದು ಸಾಮಾನು ಸರಿಸಿಟ್ಟು ಮಲಗಿತ್ತು. ಈಗ ಎರಡೂ ಸದ್ದುಗಳನ್ನು ಯಾವ ಕ್ರಮದಲ್ಲಿ ಬೇಕಾದರೂ ಕೇಳಿಸಿಕೊಳ್ಳಬಲ್ಲೆ. ಅದಕ್ಕೇ ಇಷ್ಟು ಸಿಟ್ಟು.

ಪರದೇಶಕ್ಕೆ ಹೋಗಿಬಂದವರು ಕಂಡದ್ದನ್ನು ಬರೆಯುತ್ತಾರೆ. ನಾನು ಕತಾರ್‌ಗೆ ಹೋಗಿ ಕಾಣದೆ ಹೋದದ್ದನ್ನು ಬರೆಯಬೇಕಾಗಿದೆ.

ನಾನು ಯಾರೆಂದು ಹೇಳಿಬಿಡುತ್ತೇನೆ. ಮೈಸೂರಿನ ಲೀಗ್ ಪಂದ್ಯಗಳಿಗೆ ಇಪ್ಪತ್ತು ವರ್ಷದಿಂದ ಸ್ಕೋರರ್. ಅಂಪೈರ್ ಕೈ ಮಾಡಿದ್ದನ್ನು ಬರೆಯುವುದು ನನ್ನ ಕೆಲಸ, ತೀರ್ಪು ನನ್ನದಲ್ಲ. ಮಿಕ್ಕ ಹೊತ್ತಿನಲ್ಲಿ ಇಂಗ್ಲೆಂಡಿನ ಒಂದು ಕೌಂಟಿ ತಂಡದ ಅಭಿಮಾನಿ. ಅದರ ಹೆಸರು ಹೇಳುವುದಿಲ್ಲ. ಕೊನೆಯ ಸ್ಥಾನದಲ್ಲಿ ಕೂರುವುದು ಅದರ ಅಭ್ಯಾಸ, ಸುಮ್ಮನೆ ಅವಮಾನವೇಕೆ. ಆ ಊರನ್ನು ನಾನು ನೋಡಿಲ್ಲ. ಮಧ್ಯಾಹ್ನ ಊಟದ ಪಾತ್ರೆ ತೊಳೆದಿಟ್ಟು, ಫೋನಿನಲ್ಲಿ ಅದರ ವೀಕ್ಷಕ ವಿವರಣೆ ಹಾಕಿಕೊಂಡು, ಊಟದ ಮೇಜಿನ ಮೇಲೆ ಸ್ಕೋರ್ ಪುಸ್ತಕ ಬಿಡಿಸಿ ಕೂರುತ್ತೇನೆ. ಬ್ಯಾಟಿನ ಸದ್ದಿನಲ್ಲೇ ಚೆಂಡು ನಡುವಿಗೆ ತಾಗಿತೋ ಅಂಚಿಗೋ ಗೊತ್ತಾಗುತ್ತದೆ. ರನ್ ಇಲ್ಲದ ಚೆಂಡಿಗೆ ಒಂದು ಚುಕ್ಕೆ. ಆರೂ ಚುಕ್ಕೆಯಾದರೆ ಅವನ್ನು ಜೋಡಿಸಿ ಇಂಗ್ಲಿಷಿನ ಎಂ ಮಾಡುತ್ತೇನೆ, ಅದು ಮೇಡನ್ ಓವರ್. ಅಷ್ಟು ಸುಖ ನನಗೆ ಬೇರೆ ಯಾವ ಅಕ್ಷರದಲ್ಲೂ ಸಿಕ್ಕಿಲ್ಲ.

ಸೆಪ್ಟೆಂಬರಿನಲ್ಲಿ ಆ ವಿವರಣೆಕಾರರು ಒಬ್ಬರಿಗೊಬ್ಬರು ಟೀ ಸುರಿದುಕೊಂಡು, ಇನ್ನು ಚಳಿಗಾಲ, ಕ್ರಿಕೆಟ್ ಮುಗಿಯಿತು ಅನ್ನುತ್ತಾರೆ. ಮುಗಿಯಿತಂತೆ! ಆಸ್ಟ್ರೇಲಿಯಾದ ಪಂದ್ಯ ನನ್ನ ಮನೆಗೆ ಹಾಲಿನವನ ಜೊತೆ ಬರುತ್ತದೆ, ನ್ಯೂಜಿಲೆಂಡಿನದು ಅವನಿಗಿಂತ ಮುಂಚೆ, ದಕ್ಷಿಣ ಆಫ್ರಿಕಾದ್ದು ಊಟವಾದ ಮೇಲೆ. ಅಲ್ಲೆಲ್ಲ ಆಗ ಬೇಸಿಗೆ. ಚಳಿಗಾಲದ ಕ್ರಿಕೆಟ್ ಎನ್ನುವ ಮಾತೇ ಇಂಗ್ಲೆಂಡಿನ ಕಿಟಕಿಯಿಂದ ಹೊರಗೆ ನೋಡಿದವರದ್ದು. ಹದಿನಾಲ್ಕು ವರ್ಷ ಆ ಕಿಟಕಿಯಲ್ಲಿ ನಾನೂ ಇಣುಕಿದ್ದೇನೆ, ನಾಚಿಕೆಯಿಲ್ಲದೆ. ಚಳಿಗಾಲ ಬಂದದ್ದರಿಂದಲೇ, ಬರೀ ಅದರಿಂದಲೇ, ಕ್ರಿಕೆಟ್ ಆಡಲು ಸಾಧ್ಯವಾಗುವ ಜಾಗ ಒಂದಿದೆ ಎಂಬುದು ದೋಹಾಕ್ಕೆ ಹೋಗುವವರೆಗೆ ನನಗೆ ತಿಳಿದಿರಲಿಲ್ಲ.

ಮದೀನತ್ ಖಲೀಫಾ, ಗುರುವಾರ

ತಂಗಿ ಶೈಲಾ, ಅವಳ ಗಂಡ ರಘು ಇರುವುದು ದೋಹಾದ ಈ ಬಡಾವಣೆಯಲ್ಲಿ, ಒಂದು ವಿಲ್ಲಾವನ್ನು ಮೂರು ಸಂಸಾರಗಳಿಗೆ ಕತ್ತರಿಸಿದ ಮನೆಯ ನಡುವಿನ ತುಂಡಿನಲ್ಲಿ. ರಘು ಬೆಂಗಳೂರಿನವನು, ಆಫೀಸಿನಲ್ಲಿ ಕೆಲಸ. ಒಳ್ಳೆಯವನೆಂದು ಆಗ ಅಂದುಕೊಂಡಿದ್ದೆ, ಈಗಲೂ ಬಹುಶಃ ಅಂದುಕೊಳ್ಳಬೇಕು.

ಸಂಜೆ ಒಬ್ಬಳೇ ಮೂಲೆಯ ಅಂಗಡಿಗೆ ಚಹಾ ಕುಡಿಯಲು ಹೋದೆ. ಕಟ್ಟೆಯ ಮುಂದೆ ಕಾಲುಗಂಟೆ ನಿಂತೆ. ಹುಡುಗರು ತಟ್ಟೆ ಹಿಡಿದು ನನ್ನನ್ನು ದಾಟಿ ದಾಟಿ ಹೋಗುತ್ತಿದ್ದರು. ಹೊರಗೆ ಸಾಲು ಕಾರುಗಳು. ಒಂದೊಂದೂ ಪೀಂ ಎಂದು ಹಾರ್ನ್ ಹೊಡೆದರೆ ಚಹಾ ಅಲ್ಲಿಗೇ ಓಡುತ್ತದೆ. ಏಲಕ್ಕಿ ಹಾಕಿ ಚೆನ್ನಾಗಿ ಕುದಿಸಿದ ಗಟ್ಟಿ ಚಹಾ, ಕರಕ್ ಅನ್ನುತ್ತಾರೆ. ನಮ್ಮೂರಿನಲ್ಲಿ ಹೋಟೆಲಿನ ಮುಂದೆ ಹಾಗೆ ಹಾರ್ನ್ ಹೊಡೆದರೆ ಮಾಣಿ ಬಂದು, ಯಾಕೆ ಸಾರ್, ಕಾಲಿಗೆ ಏನಾಗಿದೆ ಅಂತ ಕೇಳಿಯಾನು. ಇಲ್ಲಿ ಕಾಲಿನ ಮೇಲೆ ನಿಂತವರೇ ಯಾರ ಕಣ್ಣಿಗೂ ಬೀಳುವುದಿಲ್ಲ. ಚಹಾ ಸಿಗದೆ ವಾಪಸ್ ಬಂದೆ.

ಊಟಕ್ಕೆ ಕೂತಾಗ ಟಿವಿಯಲ್ಲಿ ಕೊಲ್ಲಿ ದೇಶದ ಯಾವುದೋ ಪಂದ್ಯ. ಹೊಳೆಯುವ ದೀಪ, ನೀರು ಕುಡಿದು ಕೊಬ್ಬಿದ ಹುಲ್ಲು, ಮರುಭೂಮಿಯ ಪವಾಡವಿದು ಎನ್ನುವ ವಿವರಣೆ. ಅದನ್ನು ನೋಡಿ ನಾನು ಉಪನ್ಯಾಸ ಶುರು ಮಾಡಿದೆ. ಕೌಂಟಿಯಲ್ಲಿ ಹೀಗಿಲ್ಲ, ಅಲ್ಲಿ ನಿಯಮ ಅಂದರೆ ನಿಯಮ. ಚೆಂಡು ಯಾವಾಗ ಜೀವಂತ, ಯಾವಾಗ ಸತ್ತಿತು ಎನ್ನುವುದೇ ಈ ಆಟದ ಅರ್ಧ, ಅಂಪೈರ್ ಓವರ್ ಅನ್ನುವವರೆಗೆ ಬ್ಯಾಟ್ಸ್‌ಮನ್ ಗೆರೆ ಬಿಡಬಾರದು. ಇದನ್ನು ಹೇಳಿದ್ದು ನಾನೇ. ಇದರಲ್ಲಿ ನನಗೆ ಸಂದೇಹವಿಲ್ಲ, ಏಕೆಂದರೆ ಮರುದಿನ ರಘು ಅದನ್ನು ಪದಕ್ಕೆ ಪದ ಒಪ್ಪಿಸಿದ.

"ಅಕ್ಕ, ನಾಳೆ ಬೆಳಿಗ್ಗೆ ನಮ್ಮ ಮ್ಯಾಚಿಗೆ ನೀವೇ ಅಂಪೈರ್ ಆಗ್ಬಿಡಿ" ಎಂದ. "ನಮ್ಮ ಆಫೀಸ್ ಟೀಮಿಗೂ ಮಂಗ್ಳೂರು ಕಡೆಯವ್ರಿಗೂ. ಇಬ್ರಾಹಿಂ ಅಂತ, ಯಾವಾಗ್ಲೂ ಅವರೇ ನಿಲ್ಲೋದು. ಅವರಿಗೆ ಡ್ಯೂಟಿ ಬಿದ್ದಿದೆ."

"ನಾನು ಸ್ಕೋರರ್ ಕಣಪ್ಪ."

"ಇಪ್ಪತ್ತು ವರ್ಷ ನೋಡಿದೀರಲ್ಲ."

ನೋಡಿಲ್ಲ, ಬರೆದಿದ್ದೇನೆ ಎಂದು ಹೇಳಬೇಕಿತ್ತು. ಜಂಬ. ಹೇಳಲಿಲ್ಲ.

ಅಬು ಹಮೂರ್ ಆಚೆಯ ಬಯಲು, ಶುಕ್ರವಾರ

ಬೆಳಿಗ್ಗೆ ಆರಕ್ಕೆ ಸ್ವೆಟರ್ ಹಾಕಿಕೊಂಡು ಹೊರಟೆವು. ಇಲ್ಲಿ ವಾರದ ರಜೆ ಶುಕ್ರವಾರ, ಇಗರ್ಜಿಗಳಿರುವ ಕಡೆಗೆ ಆಗಲೇ ಕಾರುಗಳು ಸಾಲುಗಟ್ಟಿದ್ದವು. ಅದನ್ನು ದಾಟಿದರೆ ಒಂದು ಖಾಲಿ ನಿವೇಶನ, ಪಕ್ಕದಲ್ಲಿ ಕಟ್ಟುತ್ತಿರುವ ಮನೆ. ಹುಲ್ಲಿಲ್ಲ. ಜಲ್ಲಿ, ಬೂದುಬಣ್ಣದ ಧೂಳು, ನಡುವೆ ಒಂದು ಸಿಮೆಂಟ್ ಪಟ್ಟಿ, ಅದರ ಮೇಲೆ ಹಸಿರು ಹಾಸು. ಸ್ಟಂಪ್ ಮರದ್ದಲ್ಲ. ಮೂರು ಕಬ್ಬಿಣದ ಕೊಳವೆಗಳನ್ನು ಒಂದು ತಗಡಿಗೆ ಬೆಸೆದಿದ್ದರು. ಬೇಲ್ಸ್ ಇಲ್ಲ, ಸದ್ದೇ ಸಾಕ್ಷಿ. ಜಲ್ಲಿಯಲ್ಲಿ ಬಿದ್ದವರ ಮೊಣಕಾಲು ಏನಾದೀತು ಎಂದು ನೋಡಿಕೊಂಡೆ. ಮೈಸೂರಿನಲ್ಲಿ ನಮ್ಮ ಹುಡುಗರು ಮೈದಾನದಲ್ಲಿ ಒಂದು ಕಲ್ಲು ಸಿಕ್ಕರೆ ಅರ್ಜಿ ಬರೆಯುತ್ತಾರೆ.

"ಸ್ಟಂಪು ನಾನೇ ಮಾಡಿದ್ದು ಅಕ್ಕ. ಹಳೇ ಎಸಿ ಸ್ಟ್ಯಾಂಡಿನ ಪೈಪು" ಎಂದು ಒಬ್ಬರು ಮುಂದೆ ಬಂದರು. ಸದಾನಂದ, ಕಾರ್ಕಳದ ಕಡೆಯವರು, ಎಸಿ ಮೆಕ್ಯಾನಿಕ್. ತೆಳ್ಳಗೆ, ನರೆತ ಮೀಸೆ. ಇಪ್ಪತ್ತೆರಡು ವರ್ಷ ಇಲ್ಲಿ.

"ನಮ್ಮ ಇಬ್ರಾಹಿಂ ಬ್ಯಾರಿಯವರು ಬರ್ಲಿಲ್ಲ ಅಲ್ವಾ, ಹಾಗಾಗಿ ನಿಮಗೊಂದು ಮಾತು. ಇಲ್ಲಿ ಓವರ್ ಅಂದ್ರೆ ಗಾಳಿಗೆ ಯಾರಿಗೂ ಕೇಳುವುದಿಲ್ಲ. ಖಲಾಸ್ ಅನ್ಬೇಕು. ಇಬ್ರಾಹಿಂ ಮೊದ್ಲಿಂದ ಹಾಗೇ ಹೇಳುವುದು. ಆರು ಬಾಲ್ ಆಯ್ತಾ, ಖಲಾಸ್!"

"ಖಲಾಸ್" ಎಂದೆ.

"ಇನ್ನೂ ಜೋರು ಮಾರಾಯ್ರೆ. ಮಗುವನ್ನು ಮಲಗಿಸುವುದಲ್ಲ."

ಎಲ್ಲರೂ ನಕ್ಕರು. ನಾನೂ ನಕ್ಕೆ.

ಅದು ಸದಾನಂದರ ಕೊನೆಯ ಪಂದ್ಯ ಎಂದು ರಘು ಕಾರಿನಲ್ಲೇ ಹೇಳಿದ್ದ. ಅವರ ಕಂಪನಿ ಹಳಬರನ್ನೆಲ್ಲ ತೆಗೆಯುತ್ತಿತ್ತು. ವೀಸಾ ಕ್ಯಾನ್ಸಲ್, ಭಾನುವಾರ ವಿಮಾನ. ಇಪ್ಪತ್ತೆರಡು ಬೇಸಿಗೆ ಬಿಸಿಲಿನಲ್ಲಿ ಮಾಳಿಗೆಯ ಮೇಲೆ ನಿಂತು ಇನ್ನೊಬ್ಬರ ಕೋಣೆ ತಣ್ಣಗೆ ಮಾಡಿದವರಿಗೆ ಫೋನಿನಲ್ಲಿ ನಾಲ್ಕು ಸಾಲಿನ ಸಂದೇಶ. ನನಗೆ ಆಗಲೇ ಮೈ ಉರಿದಿತ್ತು. ಸದಾನಂದ ಮಾತ್ರ ಅದರ ಮಾತೆತ್ತಲಿಲ್ಲ. ಅವರಿಗೆ ಬೇಕಿದ್ದುದು ಬೇರೆ.

"ಈ ಗ್ರೌಂಡಲ್ಲಿ ನನ್ನದು ಒಂದೂ ಫಿಫ್ಟಿ ಇಲ್ಲ ಅಕ್ಕ. ಬೇಸಿಗೆಯಲ್ಲಿ ಆಟವೇ ಇಲ್ಲ. ಚಳಿಯಲ್ಲಿ ಎಸಿ ಕೆಡುವುದು ಕಮ್ಮಿ, ಆಗ ಬರ್ತೇನೆ. ಆದ್ರೂ ಮೂವತ್ತು, ನಲ್ವತ್ತು ಆಗುವಾಗ ಫೋನ್ ಬರ್ತದೆ, ಎಲ್ಲಿದ್ದಿ, ಯಲ್ಲಾ, ಬೇಗ ಬಾ ಅಂತ. ಒಮ್ಮೆ ನಲ್ವತ್ತಾರರಲ್ಲಿ ಪ್ಯಾಡ್ ಬಿಚ್ಚದೆ ಓಡಿದ್ದೇನೆ. ಇವತ್ತು ಫೋನೇ ಇಲ್ಲ. ಸಿಮ್ ಕಂಪನಿಯದ್ದು, ವಾಪಸ್ ಕೊಟ್ಟೆ."

ಇದು ಚಳಿಗಾಲದ ಕ್ರಿಕೆಟ್. ಟೀ ಸುರಿದುಕೊಳ್ಳುವ ನನ್ನ ವಿವರಣೆಕಾರರು ಕೇಳಬೇಕಿತ್ತು.

ಅವರ ತಂಡ ಮೊದಲು ಬ್ಯಾಟ್ ಮಾಡಿತು, ಹತ್ತು ಓವರಿನ ಆಟ. ಸದಾನಂದ ಮೊದಲ ಚೆಂಡಿನಿಂದಲೇ ಆಡಿದರು. ಅವರದೊಂದು ರೂಢಿ ಇತ್ತು. ಓವರ್ ಮುಗಿದೊಡನೆ ಪಟ್ಟಿಯ ನಡುವಿಗೆ ನಡೆದು, ಮೇಲೆದ್ದ ಹಾಸಿನ ಅಂಚನ್ನು ಕಾಲಿನಿಂದ ತುಳಿದು ಕೂರಿಸುವುದು. ಮನೆಯೊಡೆಯ ಬಾಗಿಲ ಮುಂದಿನ ಚಾಪೆ ಸರಿಮಾಡಿದಂತೆ. ಓವರಿನ ಮಧ್ಯೆಯೂ ಒಂದೆರಡು ಸಲ ಹಾಗೆ ಹೋದರೇ? ಹೋದರೆಂದು ನನ್ನ ನೆನಪು. ರಘುವಿನ ನೆನಪು ಕೂಡ. ಅದಕ್ಕೇ ಆ ನೆನಪನ್ನು ನಂಬಲು ನನಗೆ ಇಷ್ಟವಿಲ್ಲ.

ಎಂಟು ಸಲ ಖಲಾಸ್ ಎಂದೆ, ಪ್ರತಿ ಸಲ ಇನ್ನಷ್ಟು ಜೋರಾಗಿ. ಒಂಬತ್ತನೇ ಓವರ್. ಸದಾನಂದ ನಲವತ್ತೇಳು. ಐದನೇ ಚೆಂಡು.

ಚೆಂಡು ಬ್ಯಾಟಿಗೆ ಸಿಗದೆ ಹಿಂದೆ ಹೋಯಿತು. ಸ್ಟಂಪಿನ ಹಿಂದೆ ವಿಕೆಟ್‌ಕೀಪರ್ ರಘು. ಚೆಂಡು ಅವನ ಕೈಯಲ್ಲಿ ಕೂತದ್ದನ್ನು ಕಂಡೆ. ರನ್ ಇಲ್ಲ. ನನ್ನ ತಲೆ ಬಗ್ಗಿತು.

ಇಪ್ಪತ್ತು ವರ್ಷದ ಅಭ್ಯಾಸ. ಚೆಂಡು ಕೀಪರ್ ಕೈಗೆ ಹೋದರೆ ಸ್ಕೋರರ್ ತಲೆ ಬಗ್ಗಿಸಿ ಚುಕ್ಕೆ ಇಡುತ್ತಾಳೆ. ನನ್ನ ಕೈಯಲ್ಲಿ ಪುಸ್ತಕವಿರಲಿಲ್ಲ, ಪೆನ್ನಿರಲಿಲ್ಲ. ಬಲಗೈ ಬೆರಳು ಎಡ ಅಂಗೈ ಮೇಲೆ ಒಂದು ಚುಕ್ಕೆ ಇಟ್ಟಿತು. ಆ ಚುಕ್ಕೆ ಇಡುವಷ್ಟು ಹೊತ್ತಿನಲ್ಲಿ ಎರಡು ಸದ್ದು ಕೇಳಿಸಿದವು. ಠಣ್. ಖಲಾಸ್. ಅಥವಾ ಖಲಾಸ್. ಠಣ್.

ತಲೆಯೆತ್ತಿದರೆ ಸದಾನಂದ ಗೆರೆಯಿಂದ ಮೂರು ಹೆಜ್ಜೆ ಆಚೆ, ಒಂದು ಕಾಲು ಹಾಸಿನ ಅಂಚಿನ ಮೇಲೆ. ರಘು ಎರಡೂ ಕೈಯೆತ್ತಿ ಕುಣಿಯುತ್ತಿದ್ದ. ಹೌಸಾಟ್, ಹೌಸಾಟ್.

"ಖಲಾಸ್ ಹೇಳಿ ಆಯ್ತಲ್ಲ, ಎಂತ ಔಟ್?" ಕರಾವಳಿಯವರೆಲ್ಲ ನುಗ್ಗಿಬಂದರು.

"ಅಕ್ಕ, ನೀವು ಓವರ್ ಅಂದ್ರಾ?" ರಘು ಕೇಳಿದ.

"ಇಲ್ಲ. ಇನ್ನೂ ಐದೇ ಚೆಂಡು."

"ಮತ್ತೆ? ಆ ಕಡೆ ಯಾರೋ ಗಂಡ್ಸು ಕೂಗಿದ್ದು. ಅದೂ ನಾನು ಹೊಡೆದಾದ್ಮೇಲೆ. ಅಂಪೈರ್ ಅನ್ನೋವರೆಗೆ ಗೆರೆ ಬಿಡಬಾರದು. ರಾತ್ರಿ ನೀವೇ ಹೇಳಿದ್ರಿ."

"ಹೊಡೆಯುವ ಮೊದ್ಲೇ ಕೂಗಿದ್ದು!"

"ಹೊಡೆದ ಮೇಲೆ!"

ಕೂಗು ಮೊದಲಾದರೆ ಸದಾನಂದರು ಮೋಸಹೋಗಿ ಗೆರೆ ಬಿಟ್ಟರು. ಇಪ್ಪತ್ತೆರಡು ವರ್ಷ ಗಂಡಸಿನ ದನಿಯಲ್ಲೇ ಖಲಾಸ್ ಕೇಳಿದ ಕಿವಿ ಅದು, ಎಂಟು ಓವರಿನ ನನ್ನ ಕೀರಲು ದನಿ ಅದನ್ನು ಅಳಿಸೀತೆ? ಹಾಗಿದ್ದರೆ ಆ ಚೆಂಡನ್ನು ಲೆಕ್ಕಕ್ಕಿಲ್ಲ ಎಂದು ಮತ್ತೆ ಹಾಕಿಸಬೇಕು. ಕೂಗು ಆಮೇಲಾದರೆ ಅವರು ತಮ್ಮ ಪಾಡಿಗೆ ಹೊರಟದ್ದು, ಔಟ್. ಇಷ್ಟೇ ಪ್ರಶ್ನೆ. ಲೆಗ್ ಅಂಪೈರ್ ಇರಲಿಲ್ಲ. ಪಂದ್ಯದ ವಿಡಿಯೊ ಹಿಡಿಯಲು ಕಾರಿನ ಮೇಲಿಟ್ಟಿದ್ದ ಫೋನು ಯಾರದೋ ಕರೆ ಬಂದು ನಿಂತುಹೋಗಿತ್ತು. ಇಪ್ಪತ್ತೆರಡು ಜನ ನನ್ನ ಮುಖ ನೋಡಿದರು.

ನಾನು ನೋಡಲಿಲ್ಲ ಎನ್ನಲು ಎರಡು ಪದ ಸಾಕಿತ್ತು. ಅನುಮಾನವಿದ್ದರೆ ಬ್ಯಾಟ್ಸ್‌ಮನ್ ಪರ ಎನ್ನುವುದು ಗಲ್ಲಿಯ ಮಕ್ಕಳಿಗೂ ಗೊತ್ತು. ನಾನು ಬೆರಳೆತ್ತಿದೆ. ಅಂಗೈ ಮೇಲೆ ಚುಕ್ಕೆ ಇಟ್ಟ ಅದೇ ಬೆರಳು. ಯಾಕೆ? ನಿಯಮ ಬಲ್ಲವಳಂತೆ ಕಾಣಬೇಕಿತ್ತು. ಕಂಡೆ.

"ಮನೆಯದ್ದೇ ಅಂಪೈರ್ ಮಾರಾಯ್ರೆ!" ಯಾರೋ ಕೂಗಿದರು. "ಮಧ್ಯಾಹ್ನ ಊಟಕ್ಕೆ ಎಂತ, ಬಿಸಿಬೇಳೆಬಾತಾ?"

ಸದಾನಂದ ಬ್ಯಾಟನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡರು. ಹಾಸಿನ ಅಂಚನ್ನು ಇನ್ನೊಮ್ಮೆ ತುಳಿದು ಕೂರಿಸಿ, ಜಲ್ಲಿಯ ಮೇಲೆ ನಡೆದುಹೋದರು.

ಪಂದ್ಯ ಯಾರು ಗೆದ್ದರೆಂದು ಕೇಳಬೇಡಿ. ನೆನಪಿದೆ, ಹೇಳುವುದಿಲ್ಲ.

ಅದೇ ಬಯಲು, ಆಟ ಮುಗಿದ ಮೇಲೆ

ಕೂಗಿದವನನ್ನು ಹುಡುಕಿಕೊಂಡು ಹೋದೆ. ಕಟ್ಟುತ್ತಿದ್ದ ಮನೆಯ ಹಿಂದೆ ನೀರಿನ ಟ್ಯಾಂಕರ್ ನಿಂತಿತ್ತು. ಅದನ್ನು ಹಿಂದೆ ತೆಗೆಸಿದವನು ಬಿಹಾರದವನು, ತಲೆಗೆ ಕೆಂಪು ವಸ್ತ್ರ ಸುತ್ತಿದ್ದ. ನನ್ನ ಹರಕು ಹಿಂದಿಯಲ್ಲಿ ಕೇಳಿದೆ, ನೀನೇಕೆ ಖಲಾಸ್ ಅಂದೆ?

ಅವನು ಹೆದರಿದ. ಸಿಟ್ಟಾದ ಹೆಂಗಸು ಬಂದು ಒಂದು ಪದಕ್ಕೆ ಲೆಕ್ಕ ಕೇಳಿದರೆ ಯಾರು ಹೆದರುವುದಿಲ್ಲ? ಡ್ರೈವರಿಗೆ ಹೇಳಿದ್ದು ಮೇಡಂ, ಗೋಡೆಗೆ ತಾಗುತ್ತಿತ್ತು, ಸಾಕು ನಿಲ್ಲಿಸು ಎಂದದ್ದು, ಎಂದ.

"ಎಷ್ಟು ಸಲ ಅಂದೆ?"

ಅವನು ಯೋಚಿಸಿದ. "ನಿಲ್ಲುವ ತನಕ ಅನ್ನುತ್ತೇವೆ ಮೇಡಂ. ಎರಡು ಸಲ, ಮೂರು ಸಲ."

ಅಂದರೆ ಠಣ್ ಎನ್ನುವುದಕ್ಕೆ ಮೊದಲೂ ಒಂದು, ಆಮೇಲೂ ಒಂದು ಇದ್ದಿರಬಹುದು. ನನಗೆ ಕೇಳಿಸಿದ್ದು ಒಂದೇ. ಕೌಂಟಿ ಮೈದಾನದ ಆಚೆ ತುದಿಯಲ್ಲಿ ನಾಯಿ ಬೊಗಳಿದ್ದನ್ನೂ ಮೈಸೂರಿನಲ್ಲಿ ಕೂತು ಹಿಡಿದ ಕಿವಿ ಇದು. ಇಪ್ಪತ್ತು ಗಜದಾಚೆಯ ಎರಡು ಸದ್ದುಗಳನ್ನು ಸಾಲಾಗಿ ನಿಲ್ಲಿಸಲು ಆಗಲಿಲ್ಲ.

ಸಂಜೆಯೊಳಗೆ ರಘುವಿನ ಫೋನಿನ ಗುಂಪಿನಲ್ಲಿ ಅದು ತಮಾಷೆಯಾಗಿತ್ತು. ಹೊಸ ಬಗೆಯ ಔಟ್, ಟ್ಯಾಂಕರ್ ಔಟ್ ಎಂದು. ಶೈಲಾ ಊಟಕ್ಕೆ ಬಂದ ನೆರೆಯವರಿಗೆ ಅದನ್ನೇ ಕತೆ ಮಾಡಿ ಹೇಳಿದಳು. ಅವಳ ಕತೆಯಲ್ಲಿ ಸದ್ದುಗಳು ಸರಿಯಾದ ಕ್ರಮದಲ್ಲಿದ್ದವು, ನಾನು ಕಣ್ಣಿಟ್ಟು ನೋಡುತ್ತಿದ್ದೆ, ರಘು ಮಿಂಚಿನಂತೆ ಹೊಡೆದಿದ್ದ, ಸದಾನಂದ ನಕ್ಕಿದ್ದರು. ಎಲ್ಲಿಯೂ ಒಂದು ಎಳೆ ಹೊರಗೆ ಇಣುಕಿರಲಿಲ್ಲ. ಅಷ್ಟು ನಯವಾದ ಕತೆ ಕೇಳಿ ನನಗೆ ತಟ್ಟೆ ಎಸೆಯಬೇಕೆನಿಸಿತು.

"ನೀನು ಅಲ್ಲಿರಲಿಲ್ಲ" ಎಂದೆ.

"ನೀನಿದ್ದೆಯಲ್ಲ" ಎಂದಳು.

"ಹೋಗ್ಲಿ ಬಿಡಿ ಅಕ್ಕ" ಎಂದ ರಘು. "ಅದೇನ್ ವರ್ಲ್ಡ್ ಕಪ್ಪಾ?"

"ಅವರಿಗೆ ಅದೇ ವರ್ಲ್ಡ್ ಕಪ್ಪು. ನಿನಗೆ ಮುಂದಿನ ಶುಕ್ರವಾರ ಇದೆ."

ರಘು ಅನ್ನ ಕಲಸುವುದನ್ನು ನಿಲ್ಲಿಸಿದ. "ಹಾಗಿದ್ರೆ ಬೆರಳು ಯಾಕೆ ಎತ್ತಿದ್ರಿ?"

ಎದ್ದು ಕೈ ತೊಳೆದೆ.

ಬಿನ್ ಮಹಮೂದ್, ಶನಿವಾರ

ಹಳೆಯ ಕಟ್ಟಡದ ಎರಡನೇ ಮಹಡಿ. ಬಾಗಿಲಾಚೆ ಚಪ್ಪಲಿಗಳ ರಾಶಿ, ಒಳಗೆ ಒಂದು ಕೋಣೆಗೆ ನಾಲ್ಕು ಮಂಚ. ಸದಾನಂದರ ಹಾಸಿಗೆ ಸುತ್ತಿಟ್ಟಾಗಿತ್ತು. ಇಬ್ಬರು ಸೂಟ್‌ಕೇಸನ್ನು ಕೊಕ್ಕೆಯ ತಕ್ಕಡಿಗೆ ಸಿಕ್ಕಿಸಿ ಎತ್ತಿ ಹಿಡಿದಿದ್ದರು, ಸದಾನಂದ ಬಗ್ಗಿ ಮುಳ್ಳು ನೋಡುತ್ತಿದ್ದರು. ನನ್ನನ್ನು ಕಂಡು ಅವರಿಬ್ಬರು ಸೂಟ್‌ಕೇಸ್ ಇಳಿಸಿ ಹೊರಗೆ ಹೋದರು.

"ಓ, ಅಂಪೈರ್ ಬಂದ್ರು! ಕೂತ್ಕೊಳ್ಳಿ ಅಕ್ಕ. ಚಾ ಮಾಡ್ತೇನೆ."

ನಾನು ಹೋದದ್ದು ಒಂದೇ ಮಾತು ಹೇಳಲು. ನಾನು ನೋಡಲಿಲ್ಲ, ನನ್ನ ತಲೆ ಬಗ್ಗಿತ್ತು. ಇದನ್ನು ಟ್ಯಾಕ್ಸಿಯಲ್ಲಿ ಮತ್ತೆ ಮತ್ತೆ ಹೇಳಿಕೊಂಡಿದ್ದೆ. ಅವರು ಒಲೆಯ ಹತ್ತಿರ ಬೆನ್ನು ಮಾಡಿ ನಿಂತರು. ಹೇಳಲು ಸುಲಭವಾಗಿತ್ತು. ಬದಲಿಗೆ ಕೇಳಿದೆ, "ನಿನ್ನೆ ನೀವು ಆ ಕೂಗು ಕೇಳಿಯೇ ಹೊರಟಿರಾ?"

ಅವರು ಸಕ್ಕರೆ ಹಾಕುವುದನ್ನು ನಿಲ್ಲಿಸಿದರು.

"ನಿನ್ನೆಯಿಂದ ಅದನ್ನೇ ಆಲೋಚನೆ ಮಾಡ್ತಿದ್ದೇನೆ ಅಕ್ಕ. ಹಾಸು ಎದ್ದದ್ದು ಕಂಡಿತು. ಕಾಲು ಹೋಯ್ತು. ಖಲಾಸ್ ಕೇಳಿ ಹೋಯ್ತಾ, ಹಾಗೇ ಹೋಯ್ತಾ? ಕಾಲಿಗೇ ಗೊತ್ತು."

ಚಹಾ ತಂದು ಕೊಟ್ಟರು. ಏಲಕ್ಕಿ ಹಾಕಿರಲಿಲ್ಲ, ಶುಂಠಿ ಜಜ್ಜಿ ಹಾಕಿದ್ದರು, ಊರಿನ ಹಾಗೆ.

"ಊರಲ್ಲಿ ಫಿಫ್ಟಿ ಹೊಡೆದೆ ಅಂತಲೇ ಹೇಳ್ತೇನೆ. ಯಾರು ಬಂದು ಬುಕ್ ನೋಡ್ತಾರೆ, ಅಲ್ವಾ?" ಎಂದು ನಕ್ಕರು. ನಾನು ನಗದೆ ಇದ್ದುದನ್ನು ಕಂಡು, "ಇಲ್ಲ ಮಾರಾಯ್ರೆ, ನಲ್ವತ್ತೇಳು ಅಂತಲೇ ಹೇಳ್ತೇನೆ. ಔಟ್ ಅಂದ್ರೆ ಔಟ್" ಎಂದರು.

"ಸ್ಟಂಪು?"

"ಅಲ್ಲೇ ಬಿಟ್ಟೆ. ಊರಿಗೆ ಎಂತಕ್ಕೆ ಕಬ್ಬಿಣ?"

ಬಾಗಿಲವರೆಗೆ ಬಂದರು. ಚಪ್ಪಲಿ ರಾಶಿಯಲ್ಲಿ ನನ್ನದನ್ನು ಹುಡುಕಿ ಕಾಲಿನಿಂದ ಮುಂದೆ ಸರಿಸಿದರು. ಆಗ ಕೇಳಿದರು, ತಮಾಷೆಯ ದನಿಯಲ್ಲಲ್ಲ.

"ಅಕ್ಕ, ಒಂದು ಮಾತು. ನೀವು ನೋಡಿದ್ರಲ್ಲ? ಸರಿಯಾಗಿ? ನನಗೆ ಗೊತ್ತಾಗ್ಲಿಲ್ಲ, ಅವರೆಲ್ಲ ಒಬ್ಬೊಬ್ಬರು ಒಂದೊಂದು ಹೇಳ್ತಾರೆ. ನೀವು ನೋಡಿದ್ರೆ ನನಗೆ ಸಾಕು. ಮನಸ್ಸಿಗೆ ಸಮಾಧಾನ."

"ಹೂಂ" ಎಂದೆ.

ಆ ಹೂಂ ಮಾತ್ರ ನನಗೆ ಚೆನ್ನಾಗಿ ನೆನಪಿದೆ. ಅದು ಯಾವುದಕ್ಕಿಂತ ಮೊದಲು, ಯಾವುದಾದ ಮೇಲೆ ಎಂಬುದು ಎಷ್ಟು ವಾರವಾದರೂ ಜಾಗ ಬದಲಿಸಿಲ್ಲ. ಅವರು ಭಾನುವಾರ ಹೊರಟುಹೋದರು. ಹೊಸ ಸಿಮ್ಮಿನ ನಂಬರ್ ಯಾರ ಹತ್ತಿರವೂ ಇಲ್ಲವಂತೆ, ರಘು ಕೇಳಿ ನೋಡಿದ್ದಾನೆ.

ಕೌಂಟಿ ಮತ್ತೆ ಶುರುವಾಗಿದೆ. ಮೇಜಿನ ಮೇಲೆ ಪುಸ್ತಕ ಬಿಡಿಸಿದ್ದೇನೆ. ಚೆಂಡು ಕೀಪರ್ ಕೈಗೆ ಹೋಯಿತು ಎಂದು ವಿವರಣೆಕಾರ ಹೇಳಿದಾಗ ಚುಕ್ಕೆ ಇಡಲು ಕೈ ತಡೆಯುತ್ತದೆ. ಅಷ್ಟರಲ್ಲಿ ಮುಂದಿನ ಚೆಂಡು ಬಂದಿರುತ್ತದೆ.

ಸದಾನಂದ ಔಟಾಗಿದ್ದರೋ ಇಲ್ಲವೋ ನನಗೆ ಗೊತ್ತಿಲ್ಲ. ನಾನು ನೋಡಲಿಲ್ಲ.